ಮಕ್ಕಳನ್ನು ಕಳೆದುಕೊಂಡು ಸರ್ಕಾರ ಉಳಿಸಿದ ಮಸಾಕೊ

1221ರಲ್ಲಿ ಪೂರ್ವ ಜಪಾನಿನ ಕಾಮಾಕುರ ಪಟ್ಟಣದ ಸಮುರಾಯ್ ಯೋಧರು ದಿಕ್ಕು ತೋಚದೆ ನಿಂತಿದ್ದರು. ಕ್ಯೋಟೊದ ನಿವೃತ್ತ ಚಕ್ರವರ್ತಿ ಗೊ-ತೊಬ, ಅವರ ಸೇನಾ ಸರ್ಕಾರದ ಮುಖ್ಯಸ್ಥ ಹೋಜೊ ಯೊಶಿತೊಕಿಯನ್ನು ದಂಡಿಸುವಂತೆ ಆಜ್ಞೆ ಹೊರಡಿಸಿದ್ದ. ಚಕ್ರವರ್ತಿಯ ವಿರುದ್ಧ ಆಯುಧ ಎತ್ತುವುದೇ? ಆ ಅಳುಕನ್ನು ನೀಗಿಸಿದವಳು ಅರವತ್ತು ದಾಟಿದ ಸನ್ಯಾಸಿನಿ, ಯೊಶಿತೊಕಿಯ ಅಕ್ಕ ಹೋಜೊ ಮಸಾಕೊ. ತನ್ನ ದಿವಂಗತ ಪತಿ ಅವರಿಗೆ ನೀಡಿದ ಭೂಮಿ, ಪದವಿಗಳ ಋಣವನ್ನು ಆಕೆ ನೆನಪಿಸಿದಳು. ಚಕ್ರವರ್ತಿಯ ಪಕ್ಷ ಸೇರುವವರು ಈಗಲೇ ಹೇಳಿಬಿಡಬೇಕೆಂದಳು. ಕಾಮಾಕುರದ ಸೇನೆ ಕ್ಯೋಟೊದತ್ತ ನಡೆಯಿತು.

ಇಜು ಪ್ರಾಂತ್ಯದ ಸಾಮಾನ್ಯ ಪಾಳೆಯಗಾರ ಹೋಜೊ ತೊಕಿಮಾಸನ ಮಗಳಾಗಿ 1157ರಲ್ಲಿ ಜನಿಸಿದ ಮಸಾಕೊ ವರಿಸಿದ್ದು ಒಬ್ಬ ಗಡಿಪಾರಾದವನನ್ನು. ತೈರಾ ವಂಶಕ್ಕೆ ಸೋತ ಮಿನಾಮೊತೊ ಕುಲದ ಕುಡಿ ಯೊರಿತೊಮೊ, 1160ರಲ್ಲಿ ಇನ್ನೂ ಬಾಲಕನಾಗಿದ್ದಾಗಲೇ ಇಜುವಿಗೆ ತಳ್ಳಲ್ಪಟ್ಟಿದ್ದ. ತಂದೆಗೆ ಈ ಮದುವೆ ಒಪ್ಪಿಗೆಯಿರಲಿಲ್ಲವೆಂಬ ಪ್ರತೀತಿಯಿದೆ. ಯೊರಿತೊಮೊ 1180ರಲ್ಲಿ ದಂಗೆಯೆದ್ದ. 1185ರಲ್ಲಿ ತೈರಾ ವಂಶ ನಿರ್ನಾಮವಾಯಿತು. 1192ರಲ್ಲಿ ಆತ ಶೋಗನ್ ಪದವಿಗೇರಿದ.

ಅಧಿಕಾರಕ್ಕೆ ಮಸಾಕೊ ತೆತ್ತ ಬೆಲೆ ಮನೆಯೊಳಗಿನದು. ಹಿರಿಯ ಮಗಳಿಗೆ ನಿಶ್ಚಯವಾಗಿದ್ದ ಹುಡುಗನನ್ನು 1184ರಲ್ಲಿ ಯೊರಿತೊಮೊನೇ ಕೊಲ್ಲಿಸಿದ. ಆ ಕೊರಗಿನಲ್ಲೇ ಸವೆದ ಮಗಳು 1197ರಲ್ಲಿ ತೀರಿಕೊಂಡಳು. 1199ರಲ್ಲಿ ಪತಿಯೂ ಕಿರಿಯ ಮಗಳೂ ಹೋದರು. ಎರಡನೆಯ ಶೋಗನ್ ಆದ ಮಗ ಯೊರಿಯಿಯನ್ನು ಹೋಜೊ ಮನೆತನವೇ 1203ರಲ್ಲಿ ಪದಚ್ಯುತಗೊಳಿಸಿತು. ಮರುವರ್ಷ ಇಜುವಿನಲ್ಲಿ ಆತನ ಕೊಲೆಯಾಯಿತು. ಇಲ್ಲಿ ತಾಯ್ತನಕ್ಕಿಂತ ರಾಜಕಾರಣವೇ ಮೇಲುಗೈ ಪಡೆಯಿತೆನ್ನಬೇಕು. ಆದರೆ 1205ರಲ್ಲಿ ತಂದೆ ತೊಕಿಮಾಸ ಕಿರಿಯ ಮಗ ಸಾನೆತೊಮೊನನ್ನೂ ಕೆಳಗಿಳಿಸಲು ಹೊರಟಾಗ, ತಮ್ಮನೊಡನೆ ಸೇರಿ ತಂದೆಯನ್ನೇ ಗಡಿಪಾರು ಮಾಡಿದವಳೂ ಆಕೆಯೇ.

ಕವಿಯೂ ಆಗಿದ್ದ ಸಾನೆತೊಮೊ ಕೊನೆಗೂ ಉಳಿಯಲಿಲ್ಲ. 1219ರಲ್ಲಿ ಹಿಮ ಬಿದ್ದಿದ್ದ ರಾತ್ರಿ, ತ್ಸುರುಗಓಕ ಹಚಿಮನ್ ದೇಗುಲದಲ್ಲಿ ಯೊರಿಯಿಯ ಮಗ ಕುಗ್ಯೊ ಚಿಕ್ಕಪ್ಪನ ತಲೆ ಕಡಿದ. ಕೊಂದವನೂ ಮಸಾಕೊಳ ಮೊಮ್ಮಗನೇ. ಆತನನ್ನೂ ಬೇಗನೆ ಕೊಲ್ಲಲಾಯಿತು. ಕ್ಯೋಟೊದಿಂದ ಒಂದು ಹಸುಳೆಯನ್ನು ಮುಂದಿನ ಶೋಗನ್ ಎಂದು ತರಿಸಿ, ಆಡಳಿತವನ್ನು ಅಜ್ಜಿ ಕೈಗೆತ್ತಿಕೊಂಡಳು. ಜನ ಆಕೆಯನ್ನು ಸನ್ಯಾಸಿನಿ ಶೋಗನ್ ಎಂದರು.

1221ರ ಯುದ್ಧ ಸುಮಾರು ಒಂದು ತಿಂಗಳಲ್ಲೇ ಮುಗಿಯಿತು. ಗೊ-ತೊಬ ಓಕಿ ದ್ವೀಪಕ್ಕೆ ಗಡಿಪಾರಾದ. ಸೋತವರಿಂದ ವಶಪಡಿಸಿಕೊಂಡ ಸುಮಾರು 3,000 ಜಹಗೀರುಗಳು ಪೂರ್ವದ ಯೋಧರಿಗೆ ಹಂಚಿಕೆಯಾದವು. ಮಸಾಕೊ 1225ರಲ್ಲಿ ಕಣ್ಮುಚ್ಚಿದಳು.

ಭೂಮಿ ಕೊಟ್ಟು ನಿಷ್ಠೆ ಪಡೆಯುವ ಈ ವ್ಯವಸ್ಥೆ ಇನ್ನೂ ಅರ್ಧ ಶತಮಾನ ಗಟ್ಟಿಯಾಗಿ ನಡೆಯಿತು. 1274 ಮತ್ತು 1281ರಲ್ಲಿ ಮಂಗೋಲರ ದಾಳಿಯನ್ನು ಸಮುರಾಯ್‌ಗಳು ಹಿಮ್ಮೆಟ್ಟಿಸಿದರಾದರೂ ಹಂಚಲು ಈ ಬಾರಿ ಒಂದಂಗುಲ ನೆಲವೂ ದಕ್ಕಲಿಲ್ಲ. ಸಾಲದಲ್ಲಿ ಮುಳುಗಿದ ಯೋಧರು ಕ್ರಮೇಣ ಹೋಜೊ ಮನೆತನಕ್ಕೆ ಬೆನ್ನು ತಿರುಗಿಸಿದರು. 1333ರಲ್ಲಿ ಕಾಮಾಕುರಕ್ಕೆ ನುಗ್ಗಿದ ನಿತ್ತ ಯೊಶಿಸಾದ ಅದೇ ಸರ್ಕಾರದ ಆಳಾಗಿದ್ದವನು. ಹೋಜೊ ಮನೆತನದವರು ತೊಶೋಜಿ ದೇವಾಲಯದಲ್ಲಿ ಸಾಮೂಹಿಕವಾಗಿ ಆತ್ಮಹತ್ಯೆ ಮಾಡಿಕೊಂಡರು.