ಕರಡಚ್ಚಿನ ಅಂಚಿನಲ್ಲಿ ಬೆಳೆದ ಕಾದಂಬರಿ: ಬಾಲ್ಜಾಕ್‌ನ ಬದುಕು ಮತ್ತು ತಿದ್ದುಪಡಿ

ಕಾದಂಬರಿಕಾರನು ತನ್ನ ಬರಹವನ್ನು ಯಾವಾಗ ತಿದ್ದುತ್ತಾನೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ, ಅಚ್ಚಿಗೆ ಕೊಡುವ ಮುನ್ನ ಎಂಬುದು. ತಿದ್ದುವ ಕೆಲಸ ಹಸ್ತಪ್ರತಿಯಲ್ಲಿಯೇ ಮುಗಿಯುತ್ತದೆ, ಕರಡಚ್ಚಿನಲ್ಲಿ ಉಳಿಯುವುದು ಅಕ್ಷರದೋಷಗಳ ಪರಿಶೀಲನೆ ಮಾತ್ರ ಎಂದು ಭಾವಿಸಲಾಗುತ್ತದೆ. ಈ ತಿಳಿವಳಿಕೆಗೆ ಸಂಪೂರ್ಣ ವಿರುದ್ಧವಾದ ನಿದರ್ಶನ ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಕಾದಂಬರಿಕಾರ ಓನೊರೆ ದ ಬಾಲ್ಜಾಕ್. ಅವನ ನಿಜವಾದ ಬರವಣಿಗೆ ಆರಂಭವಾಗುತ್ತಿದ್ದುದೇ ಕರಡಚ್ಚು ಕೈಸೇರಿದ ಮೇಲೆ. ಈ ಕ್ರಮವು ಅವನ ಬದುಕಿನಲ್ಲಿ ರೂಪುಗೊಂಡ ಬಗೆ ಮತ್ತು ಅದಕ್ಕಾಗಿ ಅವನು ತೆತ್ತ ಬೆಲೆ ಪರಿಶೀಲನೆಗೆ ಅರ್ಹವಾಗಿವೆ.

ಬಾಲ್ಜಾಕ್ 1799ರ ಮೇ 20ರಂದು ತೂರ್ ನಗರದಲ್ಲಿ ಜನಿಸಿದನು. 1814ರಲ್ಲಿ ಅವನ ಕುಟುಂಬ ಪ್ಯಾರಿಸ್‌ಗೆ ಬಂದು ನೆಲೆಸಿತು. ಅಲ್ಲಿ ಕಾನೂನು ಓದಿ, ವಕೀಲರ ಕಚೇರಿಯಲ್ಲಿ ಕೆಲಸ ಕಲಿತ ತರುಣನು ಮನೆಯವರ ನಿರೀಕ್ಷೆಗೆ ವಿರುದ್ಧವಾಗಿ ಸಾಹಿತ್ಯವನ್ನು ಆರಿಸಿಕೊಂಡನು. 1820ರ ದಶಕದ ಮೊದಲ ವರ್ಷಗಳಲ್ಲಿ ಹಣಕ್ಕಾಗಿ ಗುಪ್ತನಾಮಗಳಲ್ಲಿ ಅವಸರದ ಕಾದಂಬರಿಗಳನ್ನು ಬರೆದನು. 1826ರಲ್ಲಿ ಮುದ್ರಣಾಲಯವೊಂದನ್ನು ಕೊಂಡನು. ಮರುವರ್ಷ ಅಚ್ಚುಮೊಳೆ ಎರಕದ ಉದ್ಯಮಕ್ಕೂ ಕೈಹಾಕಿದನು. 1828ರಲ್ಲಿ ಎರಡೂ ಕೈಬಿಟ್ಟುಹೋದವು. ತಾಯಿಗೆ ಕೊಡಬೇಕಾದ ದೊಡ್ಡ ಮೊತ್ತವೂ ಸೇರಿ ಹತ್ತಾರು ಸಾವಿರ ಫ್ರಾಂಕುಗಳ ಸಾಲ ಅವನ ಹೆಗಲೇರಿತು. ಆದರೆ ಮೊಳೆ ಜೋಡಿಸುವ, ಬಿಚ್ಚುವ, ಮತ್ತೆ ಜೋಡಿಸುವ ಕೆಲಸದ ಒಳಹೊರಗನ್ನು ಅವನು ಬಲ್ಲವನಾದುದು ಇದೇ ಅವಧಿಯಲ್ಲಿ. ಮುಂದೆ ಅವನು ಅದೇ ಕೆಲಸವನ್ನು ತನ್ನ ಸೃಷ್ಟಿಕ್ರಿಯೆಯ ಭಾಗವಾಗಿ ಮಾಡಿಕೊಂಡನು.

ಅವನ ಕಾರ್ಯಕ್ರಮ ಹೀಗಿತ್ತು. ನಡುರಾತ್ರಿಯಲ್ಲಿ ಎದ್ದು, ಕಾಫಿಯ ಬಲದಿಂದ ಗಂಟೆಗಟ್ಟಲೆ ಬರೆದು, ಹಲವು ವೇಳೆ ಅಸ್ಥಿಪಂಜರದಂತಿದ್ದ ಮೊದಲ ಬರಹವನ್ನು ನೇರವಾಗಿ ಅಚ್ಚಿಗೆ ಕಳುಹಿಸುತ್ತಿದ್ದನು. ನಾಲ್ಕೂ ಕಡೆ ವಿಶಾಲವಾದ ಅಂಚು ಬಿಟ್ಟ ಹಾಳೆಗಳಲ್ಲಿ ಕರಡಚ್ಚು ಹಿಂದಿರುಗಿದಾಗ ಅದರ ತುಂಬ ಗೆರೆಗಳು ಹೊರಡುತ್ತಿದ್ದವು. ಪದವೊಂದರಿಂದ ಹೊರಟ ಗೆರೆ ಅಂಚಿನಲ್ಲಿ ವಾಕ್ಯವಾಗಿ, ವಾಕ್ಯ ಪರಿಚ್ಛೇದವಾಗಿ ಬೆಳೆಯುತ್ತಿತ್ತು. ಅಂಚು ಸಾಲದಿದ್ದರೆ ಕಾಗದದ ಚೂರುಗಳನ್ನು ಅಂಟಿಸಲಾಗುತ್ತಿತ್ತು. ಹೊಸದಾಗಿ ಜೋಡಿಸಿ ತಂದ ಕರಡಚ್ಚಿಗೂ ಇದೇ ಗತಿ. ಕೆಲವು ಕೃತಿಗಳಲ್ಲಿ ಈ ಸುತ್ತುಗಳು ಹತ್ತನ್ನೂ ಮೀರಿದ್ದುಂಟು. ಹೆಚ್ಚುವರಿ ತಿದ್ದುಪಡಿಯ ಖರ್ಚು ಅವನ ಸಂಭಾವನೆಯನ್ನೇ ತಿನ್ನುತ್ತಿತ್ತು. ಸಾಲ ತೀರಿಸಲು ಬರೆಯುತ್ತಿದ್ದವನು ಬರೆದುದನ್ನು ತಿದ್ದಿ ಸಾಲವನ್ನು ಉಳಿಸಿಕೊಂಡನು. ಆದರೂ ಆ ಹಾಳೆಗಳು ಅವನಿಗೆ ಕಸವಾಗಿರಲಿಲ್ಲ. ಹಸ್ತಪ್ರತಿಯೊಡನೆ ಅವನ್ನು ರಟ್ಟು ಕಟ್ಟಿಸಿ ಆಪ್ತರಿಗೆ ಕಾಣಿಕೆಯಾಗಿ ನೀಡುತ್ತಿದ್ದನು.

ಪ್ರಕಟಣೆಯೂ ಅವನ ತಿದ್ದುವಿಕೆಗೆ ಕೊನೆಯಾಗಿರಲಿಲ್ಲ. ತನ್ನ ಹೆಸರಿನಲ್ಲಿ 1829ರಲ್ಲಿ ಹೊರತಂದ ಮೊದಲ ಕಾದಂಬರಿಯನ್ನು 1834ರಲ್ಲಿ ಪರಿಷ್ಕರಿಸಿ ಹೆಸರನ್ನೂ ಬದಲಿಸಿದನು. ಅದೇ ಮುಂದೆ ‘ಲೆ ಶುಆನ್’ ಎಂದು ಪ್ರಸಿದ್ಧವಾಯಿತು. 1835ರಲ್ಲಿ ಪುಸ್ತಕವಾದ ‘ಲ ಪೆರ್ ಗೊರಿಯೊ’ ಕಾದಂಬರಿಯ ಹಸ್ತಪ್ರತಿಯಲ್ಲಿ ತರುಣ ನಾಯಕನ ಹೆಸರು ಮೊದಲು ಮಾಸಿಯಾಕ್ ಎಂದಿತ್ತು. ಬರೆಯುತ್ತಿರುವಾಗಲೇ ಅದನ್ನು ಹೊಡೆದು, ತನ್ನ ಹಿಂದಿನ ಕಾದಂಬರಿಯೊಂದರಲ್ಲಿ ಬಂದಿದ್ದ ರಾಸ್ತಿಞಾಕ್‌ನ ಹೆಸರನ್ನು ಇರಿಸಿದನು. ಒಂದು ಕೃತಿಯ ಪಾತ್ರ ಮತ್ತೊಂದರಲ್ಲಿ ಮರಳಿ ಬರುವ ಅವನ ಪ್ರಸಿದ್ಧ ತಂತ್ರಕ್ಕೆ ಈ ತಿದ್ದುಪಡಿ ತಳಹದಿಯಾಯಿತು. ಆನಂತರ ಹಳೆಯ ಕೃತಿಗಳಲ್ಲಿಯೂ ಪಾತ್ರಗಳ ಹೆಸರು ಬದಲಿಸಿ ಅವನ್ನು ಒಂದೇ ಜಗತ್ತಿಗೆ ಸೇರಿಸಿದನು.

ಅಪೂರ್ಣ ಕರಡು ಕೃತಿಯೆನಿಸುತ್ತದೆಯೇ ಎಂಬ ಪ್ರಶ್ನೆ ನ್ಯಾಯಾಲಯಕ್ಕೂ ಹೋಯಿತು. ‘ಲ ಲಿಸ್ ದಾನ್ ಲ ವಾಲೆ’ 1835ರ ಕೊನೆಯಲ್ಲಿ ‘ರೆವ್ಯೂ ದ ಪಾರಿ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಪತ್ರಿಕೆಯ ಬ್ಯುಲೋಜ್ ಅದರ ಕರಡಚ್ಚನ್ನು ಸೇಂಟ್ ಪೀಟರ್ಸ್‌ಬರ್ಗಿನ ಪತ್ರಿಕೆಯೊಂದಕ್ಕೆ ಒದಗಿಸಿದ್ದರಿಂದ, ಲೇಖಕ ತಿದ್ದಿ ಒಪ್ಪದ ಪಾಠವೇ ರಷ್ಯಾದಲ್ಲಿ ಅಚ್ಚಾಯಿತು. ಬಾಲ್ಜಾಕ್ ಮುಂದಿನ ಕಂತುಗಳನ್ನು ತಡೆಹಿಡಿದನು. ಬ್ಯುಲೋಜ್ ದಾವೆ ಹೂಡಿದನು. ಪ್ಯಾರಿಸ್‌ನ ಹಲವು ಲೇಖಕರು ಪತ್ರಿಕೆಯ ಪರ ನಿಂತರು. ಆದರೂ 1836ರ ಜೂನ್‌ನಲ್ಲಿ ತೀರ್ಪು ಬಾಲ್ಜಾಕ್‌ನ ಪರವಾಗಿ ಬಂದಿತು. ಅವನ ಆಕ್ಷೇಪದ ತಿರುಳು ಹಣಕ್ಕಿಂತ ಹೆಚ್ಚಾಗಿ ಪಾಠಕ್ಕೆ ಸಂಬಂಧಿಸಿತ್ತು: ಅಚ್ಚಿಗೆ ಲೇಖಕನ ಅಂತಿಮ ಒಪ್ಪಿಗೆ ದೊರೆಯುವವರೆಗೆ ಕರಡು ಅವನದೇ ಕೋಣೆಯಲ್ಲಿರಬೇಕಾದ ವಸ್ತು. ವಿವಾದದ ವೃತ್ತಾಂತವನ್ನು ಆ ವರ್ಷದ ಪುಸ್ತಕಾವೃತ್ತಿಯಲ್ಲಿಯೇ ಅವನು ಸೇರಿಸಿದನು.

1842ರಿಂದ ಅವನ ಕೃತಿಗಳು ‘ಲ ಕೊಮೆದಿ ಯುಮೆನ್’ ಎಂಬ ಸಮಗ್ರ ಹೆಸರಿನಲ್ಲಿ ಫ್ಯುರ್ನ್ ಪ್ರಕಾಶನದಿಂದ ಬಂದವು. ಆಗ ಅಧ್ಯಾಯಗಳ ವಿಭಜನೆಯನ್ನು ತೆಗೆದುಹಾಕಿದನು. ಆ ಸಂಪುಟಗಳು ಹೊರಬಂದ ಮೇಲೆಯೂ ತನ್ನ ಸ್ವಂತ ಪ್ರತಿಯ ಅಂಚುಗಳಲ್ಲಿ ತಿದ್ದುತ್ತ ಹೋದನು. 1850ರ ಆಗಸ್ಟ್ 18ರಂದು, ಐವತ್ತೊಂದರ ವಯಸ್ಸಿನಲ್ಲಿ ಅವನು ತೀರಿಕೊಂಡಾಗ ಆ ಕೆಲಸ ನಿಂತಿತು. ಆ ಪ್ರತಿ ಬೆಲ್ಜಿಯಂನ ಸಂಗ್ರಾಹಕ ಸ್ಪೂಲ್ಬೆರ್ಕ್ ದ ಲೊವಾಂಜೂಲ್‌ನ ಸಂಗ್ರಹದೊಡನೆ ಫ್ರಾನ್ಸಿನ ಇನ್‌ಸ್ಟಿಟ್ಯೂಟ್‌ಗೆ ಸೇರಿ, ಇಪ್ಪತ್ತನೆಯ ಶತಮಾನದ ಪ್ರಮುಖ ಸಂಪಾದಿತ ಆವೃತ್ತಿಗಳಿಗೆ ಆಧಾರವಾಯಿತು.

ಪ್ರಾಚೀನ ಗ್ರಂಥಗಳ ಸಂಪಾದಕನು ಲಿಪಿಕಾರರಿಂದ ಉಂಟಾದ ಪಾಠಾಂತರಗಳನ್ನು ಸರಿಸಿ ಕವಿಯ ಮೂಲಪಾಠವನ್ನು ಅರಸುತ್ತಾನೆ. ಬಾಲ್ಜಾಕ್‌ನಲ್ಲಿ ಪಾಠಾಂತರಗಳೆಲ್ಲ ಬಹುಮಟ್ಟಿಗೆ ಕರ್ತೃವಿನವೇ. ಅಲ್ಲಿ ಮೊದಲ ಪಾಠವನ್ನು ಶುದ್ಧವೆಂದು ಹಿಡಿದರೆ ಅವನು ಜೀವಮಾನವಿಡೀ ಹೋರಾಡಿ ಪಡೆದ ತಿದ್ದುವ ಹಕ್ಕನ್ನೇ ನಿರಾಕರಿಸಿದಂತಾಗುತ್ತದೆ. ಕೊನೆಯದನ್ನೇ ಹಿಡಿದರೆ, ಅದು ಮರಣದಿಂದ ನಿಂತ ಪಾಠವೆಂಬುದನ್ನು ಮರೆತಂತಾಗುತ್ತದೆ. ಆದುದರಿಂದ ಬಾಲ್ಜಾಕ್‌ನ ಕಾದಂಬರಿಯನ್ನು ಅಧ್ಯಯನ ಮಾಡುವವರು, ತಾವು ಓದುತ್ತಿರುವುದು ಯಾವ ವರ್ಷದ ಪಾಠವೆಂಬುದನ್ನು ಮೊದಲು ನಿರ್ಧರಿಸಿಕೊಳ್ಳುವುದು ಅಗತ್ಯವಾಗಿದೆ.