ಧೋಂಡಿಯ ವಾಘನೂ ಸೆರೆಯಾಳುಗಳೂ

ಶಿವಮೊಗ್ಗೆಯ ಕೋಟೆ ರಸ್ತೆಯಲ್ಲಿ ತುಂಗೆಯ ಕಡೆಗೆ ನಡೆಯುವಾಗಲೆಲ್ಲ ನನಗೆ ಧೋಂಡಿಯ ವಾಘನ ನೆನಪಾಗುತ್ತದೆ. ಭದ್ರಾವತಿಗೆ ನೆರೆಯದಾದ ಚನ್ನಗಿರಿಯಲ್ಲಿ ಹುಟ್ಟಿದ ಈತನು ಹೈದರಾಲಿಯ ಕುದುರೆಪಡೆಯಲ್ಲಿ ಸವಾರನಾಗಿದ್ದವನು. ಮೂರನೆಯ ಮೈಸೂರು ಯುದ್ಧದ ಗೊಂದಲದಲ್ಲಿ ಟಿಪ್ಪುವಿನ ಸೈನ್ಯವನ್ನು ತೊರೆದು ಧಾರವಾಡದ ಸೀಮೆಯಲ್ಲಿ ಸುಲಿಗೆಗೆ ನಿಂತನು. ಮರಾಠರ ಏಟು ತಾಳಲಾರದೆ 1794ರಲ್ಲಿ ಮತ್ತೆ ಟಿಪ್ಪುವನ್ನೇ ಆಶ್ರಯಿಸಿದನು. ಅಲ್ಲಿ ಅವನಿಗೆ ದೊರೆತದ್ದು ಮತಾಂತರ, ಬಳಿಕ ಸಂಕೋಲೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಗೆದ್ದವರು ಸೆರೆಮನೆಯ ಬಾಗಿಲು ತೆರೆದರು. ಹೊರಬಂದ ಧೋಂಡಿಯನು, ಅನ್ನದ ದಾರಿ ಮುಚ್ಚಿಹೋಗಿದ್ದ ಟಿಪ್ಪುವಿನ ಸಿಪಾಯಿಗಳನ್ನು ಕೂಡಿಸಿಕೊಂಡು ಬಿದನೂರು ಸೀಮೆಗೆ ನುಗ್ಗಿದನು. ಶಿವಮೊಗ್ಗೆ ಅವನ ಕೈಸೇರಿತು. ಆದರೆ ಎಷ್ಟು ದಿನ? ಆಗಸ್ಟ್ ತಿಂಗಳಲ್ಲಿಯೇ ಕರ್ನಲ್ ಸ್ಟೀವನ್‌ಸನ್ನನು ಲಗ್ಗೆಯಿಟ್ಟು ಅದನ್ನು ಹಿಡಿದನು. ಶಿಕಾರಿಪುರದ ಬಳಿ ಸೋತ ಧೋಂಡಿಯ ಮರಾಠರ ಗಡಿಯತ್ತ ಓಡಿದನು.

ಇಲ್ಲಿಯೇ ನಾನು ಸ್ವಲ್ಪ ನಿಲ್ಲಬೇಕಾಗಿದೆ. ಚಿತ್ರದುರ್ಗದ ಕಡೆಯಿಂದ ಹೊರಟಿದ್ದ ಕರ್ನಲ್ ಡಾಲ್‌ರಿಂಪಲ್ಲನು ಸೆರೆಸಿಕ್ಕ ಧೋಂಡಿಯನ ಕಡೆಯವರನ್ನು ನೇಣಿಗೇರಿಸಿದನು. ಅವರು ಶತ್ರುಸೈನಿಕರಲ್ಲ, ದರೋಡೆಗಾರರು ಎಂಬುದು ಕಂಪೆನಿಯ ಎಣಿಕೆ. 1800ರಲ್ಲಿ ಮದರಾಸಿನಿಂದ ಆರ್ಥರ್ ವೆಲ್ಲೆಸ್ಲಿಗೆ ಬಂದ ಆಜ್ಞೆಯೂ ಅಂಥದೇ: ಧೋಂಡಿಯ ಸಿಕ್ಕರೆ ಎದುರಾದ ಮೊದಲ ಮರಕ್ಕೇ ತೂಗುಹಾಕತಕ್ಕದ್ದು. ವಿಚಾರಣೆಯ ಮಾತೇ ಇಲ್ಲ.

ಧೋಂಡಿಯ ಸಾಧುವಲ್ಲ, ಅವನ ದಂಡು ಊರೂರುಗಳನ್ನು ಹಿಂಸಿಸಿ ಹಣ ಕಿತ್ತದ್ದು ಸುಳ್ಳಲ್ಲ. ಆದರೆ ಉಭಯಲೋಕಾಧೀಶ್ವರನೆಂದು ಬಿರುದು ತಳೆದು, ಕೋಟೆಗಳನ್ನು ಹಿಡಿದು, ಐದು ಸಾವಿರದಷ್ಟು ಕುದುರೆಯೊಡನೆ ರಣದಲ್ಲಿ ಎದುರುನಿಂತವನನ್ನು ಬರಿಯ ಕಳ್ಳನೆನ್ನಲು ನನಗೆ ನಾಲಗೆ ಬಾರದು. ಕಳ್ಳನ ಬೆನ್ನಟ್ಟಲು ನಾಲ್ಕು ರೆಜಿಮೆಂಟಿನ ಕುದುರೆಪಡೆ ಬೇಕೆ? ಯಾರು ಸೈನಿಕ, ಯಾರು ಅಲ್ಲ ಎಂಬುದಕ್ಕೆ ರಾಷ್ಟ್ರಗಳು ಹೇಗ್ ನಗರದಲ್ಲಿ ಕಟ್ಟಳೆ ಬರೆದದ್ದು ನೂರು ವರ್ಷಗಳ ತರುವಾಯ, 1899ರಲ್ಲಿ. ಸೆರೆಯಾಳುಗಳನ್ನು ಹಿಂಸಿಸಿದ್ದಕ್ಕಾಗಿ ಸೇನಾಧಿಪತಿಗಳು ಟೋಕಿಯೋದ ನ್ಯಾಯಾಲಯದಲ್ಲಿ ನಿಂತದ್ದು 1946ರಲ್ಲಿ. ಅಲ್ಲಿ ವಿಚಾರಣೆಗೆ ನಿಂತವರು ಸೋತವರೇ ಎಂಬುದನ್ನೂ ಮರೆಯಲಾಗದು. ಡಾಲ್‌ರಿಂಪಲ್ಲನು ಗೆದ್ದವರ ಕಡೆಯವನು.

ಮರದ ಕೊಂಬೆ ಧೋಂಡಿಯನಿಗೆ ಬೇಕಾಗಲಿಲ್ಲ. 1800ರ ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಕಾದಿ ಮಡಿದನು. ಶವವನ್ನು ಫಿರಂಗಿಗೆ ಬಿಗಿದು ಪಾಳೆಯಕ್ಕೆ ತಂದರು. ಸರಂಜಾಮಿನ ನಡುವೆ ಅವನ ಎಳೆಯ ಮಗ ಸಲಾಬತ್ ಖಾನ್ ಸಿಕ್ಕಿದನು. ತಂದೆಯನ್ನು ಬೇಟೆಯಾಡಿದ ವೆಲ್ಲೆಸ್ಲಿಯೇ ಮಗುವನ್ನು ತನ್ನ ಡೇರೆಗೆ ಕರೆಸಿಕೊಂಡು ಸಾಕಿದನು. 1805ರಲ್ಲಿ ಭಾರತವನ್ನು ಬಿಡುವಾಗ ಅವನ ಪೋಷಣೆಗೆ ಹಣವನ್ನೂ ಇರಿಸಿಹೋದನು. ಹುಡುಗನು ಬೆಳೆದು ಮೈಸೂರು ಅರಸರ ಸೇವೆಗೆ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡನು.