ದೀಪ ಆರಿಸದ ಮನೆಗಳು

2022ರ ಯುಗಾದಿಗೆ ಇನ್ನೂ ನಾಲ್ಕು ದಿನ ಇತ್ತು. ನಮ್ಮೂರ ಕ್ರಿಕೆಟ್ ಹುಡುಗರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ಬಂತು. ಹೊಸತೊಡಕಿಗೆ ಸಾಬರ ಅಂಗಡಿಯಲ್ಲಿ ಮಾಂಸ ತರಬೇಡಿ, ಬಹಿಷ್ಕರಿಸಿ ಎಂಬುದು ಅದರ ಸಾರ. ಹಾಕಿದವನು ನಮ್ಮೂರಿನವನಲ್ಲ. ಹಿಂದಿನ ತಿಂಗಳು ನಮ್ಮ ಟೂರ್ನಿಗೆ ಟಿ–ಶರ್ಟ್ ಕೊಡಿಸಿ, ಮೈದಾನದಲ್ಲಿ ನಮ್ಮ ಜೊತೆ ಕೂತು ಟೀ ಕುಡಿದು, ಯಾರ್ಯಾರಿಗೆ ಕೆಲಸ ಇಲ್ಲ ಅಂತ ವಿಚಾರಿಸಿ, ಎಲ್ಲರ ನಂಬರ್ ಬರೆದುಕೊಂಡು ಹೋಗಿದ್ದ ಒಬ್ಬ ‘ಅಣ್ಣ’. ನಾನಾಗ ಬಿ.ಎ. ಮೊದಲ ವರ್ಷದಲ್ಲಿದ್ದೆ, ಕನಕಪುರಕ್ಕೆ ದಿನಾ ಬಸ್ಸಿನಲ್ಲಿ ಓಡಾಟ. ಸಂದೇಶವನ್ನು ಪೂರ್ತಿ ಓದದೆಯೇ ನಾಲ್ಕು ಗುಂಪುಗಳಿಗೆ ಫಾರ್ವರ್ಡ್ ಮಾಡಿದೆ. ಅದರಲ್ಲಿ ಒಂದು ನಮ್ಮ ಮನೆಯವರ ಗುಂಪು.

ಅಪ್ಪ ಬೈಯಲಿಲ್ಲ. ಮಾರನೇ ದಿನ ಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟಾಗ ನನ್ನನ್ನೂ ಹತ್ತಿಸಿಕೊಂಡರು. ಹರಾಜಿನಲ್ಲಿ ನಮ್ಮ ಲಾಟು ಹಿಡಿದ ರೀಲರ್ ಒಬ್ಬ ಸಾಬರು. ಅದರ ಹಿಂದಿನ ಬೆಳೆ ಹಿಡಿದವರೂ ಸಾಬರೇ. ತೂಕ ಆಗುವಾಗ ಅಪ್ಪ ಕೇಳಿದ್ದು ಒಂದೇ ಮಾತು: ಇವರೂ ನಿನ್ನ ಹಾಗೆ ಒಂದು ಮೆಸೇಜು ಕಳಿಸಿಕೊಂಡು ಕೂತರೆ ಈ ಗೂಡನ್ನು ಎಲ್ಲಿಗೆ ಹೊತ್ತುಕೊಂಡು ಹೋಗಲಿ? ನನ್ನ ಬಳಿ ಉತ್ತರ ಇರಲಿಲ್ಲ.

ಪದವಿ ಮುಗಿದು, ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಕೂತಾಗ ಹಳೇ ಪ್ರಶ್ನೆಪತ್ರಿಕೆಯೊಂದರಲ್ಲಿ ಒಂದು ಅಂಕದ ಪ್ರಶ್ನೆ ಕಣ್ಣಿಗೆ ಬಿತ್ತು. ಮಾಂಟ್‌ಗೊಮೆರಿ ಬಸ್ ಬಹಿಷ್ಕಾರದ ನಾಯಕ ಯಾರು? ಉತ್ತರ ಮಾರ್ಟಿನ್ ಲೂಥರ್ ಕಿಂಗ್. ಒಂದು ಅಂಕಕ್ಕೆ ಅಷ್ಟು ಸಾಕು. ಆದರೆ ಬಹಿಷ್ಕಾರ ಎಂಬ ಪದ ನನ್ನನ್ನು ಚುಚ್ಚಿತು. ನಾನು ಫಾರ್ವರ್ಡ್ ಮಾಡಿದ್ದೂ ಬಹಿಷ್ಕಾರವೇ, ಅವರು ಮಾಡಿದ್ದೂ ಬಹಿಷ್ಕಾರವೇ. ಹಾಗಾದರೆ ವ್ಯತ್ಯಾಸ ಏನು? ಅದನ್ನು ಹುಡುಕಿಕೊಂಡು ಅವರ ಬದುಕನ್ನು ಓದಿದೆ.

ಕಿಂಗ್ ಹುಟ್ಟಿದ್ದು 1929ರ ಜನವರಿ 15ರಂದು, ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ. ತಂದೆ ಚರ್ಚಿನ ಪಾದ್ರಿ. ಆ ಊರಿಗೆ ಹತ್ತಿರದಲ್ಲೇ ಸ್ಟೋನ್ ಮೌಂಟನ್ ಎಂಬ ಬೆಟ್ಟವಿದೆ, ನಮ್ಮ ಮಾಗಡಿ ಸಾವನದುರ್ಗದ ಹಾಗೆ ಒಂದೇ ಬಂಡೆಯದು. ಕಿಂಗ್ ಹುಟ್ಟುವುದಕ್ಕೆ 14 ವರ್ಷ ಮೊದಲು, 1915ರಲ್ಲಿ, ಆ ಬಂಡೆಯ ಮೇಲೆ ಕೆಲವರು ಶಿಲುಬೆಗೆ ಬೆಂಕಿ ಹಚ್ಚಿ ಕು ಕ್ಲಕ್ಸ್ ಕ್ಲಾನ್ ಎಂಬ ಹಳೆಯ ಸಂಘಟನೆಗೆ ಮರುಜೀವ ಕೊಟ್ಟಿದ್ದರು. ಕಪ್ಪು ಜನರನ್ನು, ಯಹೂದಿಗಳನ್ನು, ಕ್ಯಾಥೊಲಿಕರನ್ನು, ವಲಸೆ ಬಂದವರನ್ನು ದ್ವೇಷಿಸುವುದೇ ಅದರ ಕಸುಬು. 1920ರ ದಶಕದಲ್ಲಿ ಅದಕ್ಕೆ ಲಕ್ಷಗಟ್ಟಲೆ ಸದಸ್ಯರಿದ್ದರು. ಅಷ್ಟು ಜನ ಹೇಗೆ ಸೇರಿದರು ಎಂಬುದನ್ನು ಕೆಲಸ ಹುಡುಕುತ್ತಿರುವ ನಮ್ಮಂಥವರು ತಿಳಿದಿರಬೇಕು. ಸದಸ್ಯತ್ವ ಶುಲ್ಕ 10 ಡಾಲರ್. ಒಬ್ಬನನ್ನು ಸೇರಿಸಿದರೆ ಸೇರಿಸಿದವನಿಗೆ 4 ಡಾಲರ್ ಕಮಿಷನ್. ಬೀದಿಯಲ್ಲಿ ಆಳು ಸೇರಿಸುವವನಿಗೆ ದ್ವೇಷವೂ ಒಂದು ವ್ಯಾಪಾರವಾಗಿತ್ತು.

ಬಾಲಕ ಮಾರ್ಟಿನ್‌ಗೆ ಒಬ್ಬ ಬಿಳಿ ಹುಡುಗ ಆಟದ ಗೆಳೆಯನಾಗಿದ್ದ. ಆರನೇ ವಯಸ್ಸಿಗೆ ಇಬ್ಬರೂ ಬೇರೆ ಬೇರೆ ಶಾಲೆಗೆ ಸೇರಿದರು. ಇನ್ನು ಮುಂದೆ ಅವನ ಜೊತೆ ಆಡಕೂಡದು ಎಂದು ಆ ಹುಡುಗನ ತಂದೆ ತಡೆದುಬಿಟ್ಟ. ಹದಿನೈದನೇ ವಯಸ್ಸಿನಲ್ಲಿ ಭಾಷಣ ಸ್ಪರ್ಧೆ ಮುಗಿಸಿ ಊರಿಗೆ ಮರಳುವಾಗ, ಬಿಳಿಯರಿಗೆ ಸೀಟು ಬಿಡಬೇಕೆಂದು ಚಾಲಕ ಬೈದು ಎಬ್ಬಿಸಿದ. ಸುಮಾರು 90 ಮೈಲಿ ನಿಂತೇ ಬರಬೇಕಾಯಿತು. ಬಿಳಿಯರೆಲ್ಲರನ್ನೂ ದ್ವೇಷಿಸುವ ಹುಡುಗನಾಗಿ ಬೆಳೆಯಲು ಇಷ್ಟು ಸಾಕಿತ್ತು. ಆ ಸಿಟ್ಟು ತನ್ನಲ್ಲಿ ಇತ್ತು ಎಂದು ಅವರೇ ಮುಂದೆ ಒಪ್ಪಿಕೊಂಡಿದ್ದಾರೆ.

ಅದೇ ವರ್ಷ ಅವರು ಮೋರ್‌ಹೌಸ್ ಕಾಲೇಜು ಸೇರಿದರು. ಆಮೇಲೆ ಧರ್ಮಶಾಸ್ತ್ರ ಓದಿ, 1955ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಓದುವಾಗಲೇ ಗಾಂಧೀಜಿ ಅವರನ್ನು ಹಿಡಿದುಕೊಂಡಿದ್ದರು. ವರ್ಣಭೇದ ಅಷ್ಟಾಗಿ ಕಾಡದ ಉತ್ತರದ ರಾಜ್ಯಗಳಲ್ಲಿ ಕೆಲಸದ ಅವಕಾಶಗಳಿದ್ದರೂ, ಹೆಂಡತಿ ಕೊರೆಟ್ಟಾ ಜೊತೆ ಮಾತಾಡಿ, 1954ರಲ್ಲಿ ದಕ್ಷಿಣದ ಅಲಬಾಮಾದ ಮಾಂಟ್‌ಗೊಮೆರಿಗೆ ಪಾದ್ರಿಯಾಗಿ ಬಂದರು.

ಅದೇ ವರ್ಷ ಮೇ ತಿಂಗಳಲ್ಲಿ, ಶಾಲೆಗಳಲ್ಲಿ ಬಣ್ಣದ ಮೇಲೆ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಎರಡೇ ತಿಂಗಳಲ್ಲಿ ಮಿಸಿಸಿಪ್ಪಿಯ ಇಂಡಿಯಾನೊಲಾ ಎಂಬ ಸಣ್ಣ ಊರಿನಲ್ಲಿ ವೈಟ್ ಸಿಟಿಜನ್ಸ್ ಕೌನ್ಸಿಲ್ ಹುಟ್ಟಿತು. ಇವರು ಕ್ಲಾನ್‌ನವರ ಹಾಗೆ ಮುಖಕ್ಕೆ ಮುಸುಕು ಹಾಕಲಿಲ್ಲ. ಬ್ಯಾಂಕಿನವರು, ವಕೀಲರು, ಅಂಗಡಿ ಮಾಲೀಕರು, ಊರಲ್ಲಿ ಮರ್ಯಾದಸ್ಥರು ಎನಿಸಿಕೊಂಡವರು ಹಗಲಿನಲ್ಲೇ ಸಭೆ ಸೇರಿ ಸದಸ್ಯರನ್ನು ಮಾಡಿಕೊಂಡರು. ಹಕ್ಕು ಕೇಳಿದ ಕಪ್ಪು ಜನರ ಕೆಲಸ ಕಳೆಯುವುದು, ಸಾಲ ನಿಲ್ಲಿಸುವುದು, ಅಂಗಡಿಯಲ್ಲಿ ಸಾಮಾನು ಕೊಡದಿರುವುದು ಇವರ ದಾರಿ.

1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಹೊಲಿಗೆ ಕೆಲಸದ ಮಹಿಳೆ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲಿಲ್ಲ. ಬಂಧನವಾಯಿತು. ಡಿಸೆಂಬರ್ 5ರಿಂದ ಬಸ್ ಹತ್ತುವುದಿಲ್ಲ ಎಂದು ಊರಿನ ಕಪ್ಪು ಜನ ತೀರ್ಮಾನಿಸಿದರು. ಅದರ ಹಿಂದಿನ ರಾತ್ರಿ ಕಿಂಗ್ ಅವರನ್ನು ಒಂದು ಅನುಮಾನ ಕಾಡಿತು. ನಾವು ಮಾಡಹೊರಟಿರುವುದೂ ಸಿಟಿಜನ್ಸ್ ಕೌನ್ಸಿಲ್ ಮಾಡುತ್ತಿರುವುದೂ ಒಂದೇ ಅಲ್ಲವೇ ಎಂಬ ಟೀಕೆಯನ್ನು ಅವರು ಪತ್ರಿಕೆಯಲ್ಲಿ ಓದಿದ್ದರು. ನನ್ನನ್ನು ಚುಚ್ಚಿದ ಪ್ರಶ್ನೆ ಇದೇ! ಅವರು ಅದನ್ನು ತಳ್ಳಿಹಾಕದೆ ಯೋಚಿಸಿದರು. ಆ ಬಸ್ ಕಂಪನಿಯನ್ನು ಮುಳುಗಿಸುವುದು ತಮ್ಮ ಗುರಿಯಲ್ಲ, ಒಂದು ಅನ್ಯಾಯದ ಪದ್ಧತಿಗೆ ಇಷ್ಟು ದಿನ ಕೊಟ್ಟ ಸಹಕಾರವನ್ನು ಹಿಂತೆಗೆದುಕೊಳ್ಳುವುದಷ್ಟೇ ಎಂಬ ತೀರ್ಮಾನಕ್ಕೆ ಬಂದರು. ನನಗೆ ಅರ್ಥವಾದದ್ದು ಇಷ್ಟು: ಪದ್ಧತಿ ಬದಲಾದ ದಿನ ಆ ಬಹಿಷ್ಕಾರ ಮುಗಿಯುತ್ತದೆ. ಆದರೆ ಒಬ್ಬ ಮನುಷ್ಯನನ್ನು ಅವನ ಹುಟ್ಟಿಗಾಗಿ ಬಹಿಷ್ಕರಿಸಿದರೆ ಅವನು ಏನು ಬದಲಾಯಿಸಿಕೊಂಡರೆ ಅದು ಮುಗಿದೀತು?

ಚಳವಳಿ ನಡೆಸಲು ಕಟ್ಟಿದ ಸಂಘಕ್ಕೆ 26 ವರ್ಷದ ಕಿಂಗ್ ಅಧ್ಯಕ್ಷರಾದರು. ಜನ ನಡೆದರು, ಕಾರು ಹಂಚಿಕೊಂಡರು. ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದು ಬಂದರು. ಅವರಿಲ್ಲದೆ ಸಂಸಾರ ಸಾಗದ ಎಷ್ಟೋ ಬಿಳಿಯ ಗೃಹಿಣಿಯರು ಮೇಯರ್ ಬೇಡವೆಂದರೂ ತಾವೇ ಕಾರಿನಲ್ಲಿ ಹೋಗಿ ಅವರನ್ನು ಕರೆತಂದರು. ಇದನ್ನು ಓದುವಾಗ ನನಗೆ ನಮ್ಮ ಗೂಡಿನ ಮಾರುಕಟ್ಟೆ ನೆನಪಾಯಿತು. ಜೊತೆಗೇ ಬದುಕಬೇಕಾದವರನ್ನು ಒಂದು ಕರೆಯಿಂದ ಬೇರ್ಪಡಿಸುವುದು ಅಷ್ಟು ಸುಲಭವಲ್ಲ.

ಆದರೂ ದ್ವೇಷದ ಗುಂಪು ಬೆಳೆಯಿತು. 1956ರ ಜನವರಿಯಲ್ಲಿ ಊರಿನ ಮೇಯರ್ರೇ ಸಿಟಿಜನ್ಸ್ ಕೌನ್ಸಿಲ್‌ನ ಸದಸ್ಯರಾದರು. ಫೆಬ್ರುವರಿಯಲ್ಲಿ ಅದು ನಡೆಸಿದ ಸಭೆಗೆ 10 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಈ ಎರಡರ ನಡುವೆ, ಜನವರಿ 30ರ ರಾತ್ರಿ, ಕಿಂಗ್ ಮನೆಯ ಜಗಲಿಗೆ ಬಾಂಬ್ ಬಿತ್ತು. ಕಿಂಗ್ ಸಭೆಯಲ್ಲಿದ್ದರು. ಒಳಗಿದ್ದವರು ಕೊರೆಟ್ಟಾ, ಅವರ ಗೆಳತಿ ಮತ್ತು ಎರಡೂವರೆ ತಿಂಗಳ ಮಗು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮನೆಯ ಮುಂದೆ ಕಪ್ಪು ಜನರ ಗುಂಪು ಸೇರಿತು, ಕೆಲವರ ಕೈಯಲ್ಲಿ ಆಯುಧಗಳಿದ್ದವು. ಓಡಿಬಂದ ಕಿಂಗ್, ಹೆಂಡತಿ ಮಗುವನ್ನು ನೋಡಿ, ಮುರಿದ ಜಗಲಿಯ ಮೇಲೆ ನಿಂತು, ಆಯುಧ ಇದ್ದವರು ಮನೆಗೆ ತೆಗೆದುಕೊಂಡು ಹೋಗಿ ಎಂದರು. ಅವರು ಹುಟ್ಟಾ ಸಂತರಲ್ಲ. ಅವರ ಮನೆಯಲ್ಲೂ ಒಂದು ಆಯುಧ ಇತ್ತು. ಅಹಿಂಸೆಯ ಮಾತಾಡುತ್ತಾ ಅದನ್ನು ಇಟ್ಟುಕೊಳ್ಳುವುದು ಹೇಗೆ ಎಂದು ಯೋಚಿಸಿ ಆಮೇಲೆ ಅದನ್ನು ಬಿಟ್ಟರು.

ಬಿಳಿಯರಲ್ಲೂ ಎಲ್ಲರೂ ಸುಮ್ಮನಿರಲಿಲ್ಲ. ಜೂಲಿಯೆಟ್ ಮಾರ್ಗನ್ ಎಂಬ ಗ್ರಂಥಪಾಲಕಿ, ಚಳವಳಿ ಶುರುವಾದ ವಾರದಲ್ಲೇ ಸ್ಥಳೀಯ ಪತ್ರಿಕೆಗೆ ಪತ್ರ ಬರೆದು, ಈ ನಡಿಗೆ ಗಾಂಧೀಜಿಯ ಉಪ್ಪಿನ ಸತ್ಯಾಗ್ರಹದಂಥದ್ದು ಎಂದು ಹೇಳಿದರು. ಓದುಗರು ಬರೆದ ಒಂದು ಪತ್ರ, ಅಷ್ಟೇ. ಅದಕ್ಕೆ ಅವರು ಬೆದರಿಕೆ, ಅವಮಾನ, ಒಂಟಿತನ ಎಲ್ಲವನ್ನೂ ಉಂಡರು. 1957ರಲ್ಲಿ ತೀರಿಕೊಂಡರು. ಕಿಂಗ್ ತಮ್ಮ ಪುಸ್ತಕದಲ್ಲಿ ಅವರನ್ನು ನೆನೆದಿದ್ದಾರೆ.

1956ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಬಸ್ಸಿನ ವರ್ಣಭೇದವೂ ಕಾನೂನುಬಾಹಿರ ಎಂದಿತು. ಆ ರಾತ್ರಿಯ ಕಥೆ ನನಗೆ ಬಹಳ ಇಷ್ಟ. ಕ್ಲಾನ್ ಕಪ್ಪು ಜನರ ಬೀದಿಗಳಲ್ಲಿ ಮೆರವಣಿಗೆ ಬರುವುದಾಗಿ ಸುದ್ದಿ ಹಬ್ಬಿತು. ಮುಂಚೆಯಾದರೆ ಜನ ಬಾಗಿಲು ಹಾಕಿ, ದೀಪ ಆರಿಸಿ, ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಕ್ಲಾನ್‌ಗೆ ಬೇಕಾದದ್ದೂ ಆ ಕತ್ತಲೆಯೇ. ಆ ರಾತ್ರಿ ಮುಸುಕುಧಾರಿಗಳನ್ನು ತುಂಬಿಕೊಂಡ ಸುಮಾರು 40 ಕಾರುಗಳು ಬಂದಾಗ ಮನೆಗಳ ದೀಪ ಉರಿಯುತ್ತಿತ್ತು, ಬಾಗಿಲು ತೆರೆದಿತ್ತು. ಜನ ಜಗಲಿಯ ಮೇಲೆ ಕೂತು, ಊರಿಗೆ ಸರ್ಕಸ್ ಬಂದಿದೆಯೇನೋ ಎಂಬಂತೆ ನೋಡುತ್ತಿದ್ದರು. ಕೆಲವರು ಕೈ ಬೀಸಿದರು. ಯಾರೂ ಕಲ್ಲು ಎತ್ತಲಿಲ್ಲ. ಸ್ವಲ್ಪ ದೂರ ಹೋದ ಕಾರುಗಳು ಪಕ್ಕದ ರಸ್ತೆಗೆ ತಿರುಗಿ ಮಾಯವಾದವು. 381 ದಿನಗಳ ಚಳವಳಿ ಗೆದ್ದು, ಡಿಸೆಂಬರ್ 21ರಂದು ಕಿಂಗ್ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತರು.

1959ರಲ್ಲಿ ಕಿಂಗ್ ದಂಪತಿ ಸುಮಾರು ಒಂದು ತಿಂಗಳು ಭಾರತ ಸುತ್ತಿದರು. ಬೆಂಗಳೂರಿಗೂ ಬಂದಿದ್ದರು. ಕೇರಳದ ಒಂದು ಶಾಲೆಯಲ್ಲಿ ದಲಿತ ಮಕ್ಕಳಿಗೆ ಅವರನ್ನು ಪರಿಚಯಿಸುವಾಗ, ಇವರೂ ಅಮೆರಿಕದ ಒಬ್ಬ ಅಸ್ಪೃಶ್ಯರು ಎಂದರಂತೆ ಮುಖ್ಯೋಪಾಧ್ಯಾಯರು. ಕಿಂಗ್‌ಗೆ ಮೊದಲು ಕಸಿವಿಸಿಯಾಯಿತು. ತಮ್ಮ ಜನರ ಸ್ಥಿತಿಯನ್ನು ನೆನೆದ ಮೇಲೆ, ಹೌದು, ಅದು ನಿಜವೇ ಎಂದು ಒಪ್ಪಿಕೊಂಡರು. ದ್ವೇಷ ಅಮೆರಿಕದ ಸರಕು ಮಾತ್ರ ಅಲ್ಲ ಎಂಬುದಕ್ಕೆ ನಮಗೆ ಬೇರೆ ಸಾಕ್ಷಿ ಬೇಡ.

1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ ಕಿಂಗ್ ತಮ್ಮ ದೊಡ್ಡ ನಿರಾಸೆಯನ್ನು ತೋಡಿಕೊಂಡರು. ಅದು ಕ್ಲಾನ್ ಬಗ್ಗೆ ಅಲ್ಲ. ಒಳಗೊಳಗೆ ನ್ಯಾಯ ಇಷ್ಟಪಟ್ಟರೂ ಗಲಾಟೆ ಬೇಡ, ಇನ್ನೂ ಕಾಲ ಬಂದಿಲ್ಲ ಎಂದು ಸುಮ್ಮನಿರುವ ಒಳ್ಳೆಯವರ ಬಗ್ಗೆ. ಅದೇ ವರ್ಷ ಸೆಪ್ಟೆಂಬರ್ 15ರ ಭಾನುವಾರ ಅದೇ ಊರಿನ ಚರ್ಚಿನಲ್ಲಿ ಕ್ಲಾನ್‌ನವರು ಇಟ್ಟ ಬಾಂಬಿಗೆ ನಾಲ್ವರು ಹೆಣ್ಣುಮಕ್ಕಳು ಬಲಿಯಾದರು. ಅಂತ್ಯಕ್ರಿಯೆಯಲ್ಲಿ ಮಾತಾಡಿದ ಕಿಂಗ್, ಕೊಂದವರು ಯಾರು ಎಂದಷ್ಟೇ ಕೇಳಬೇಡಿ, ಅಂಥವರನ್ನು ತಯಾರು ಮಾಡಿದ್ದು ಏನು ಎಂದೂ ಕೇಳಿ ಎಂದರು. ಕೊಂದವರಲ್ಲಿ ಮೊದಲನೆಯವನಿಗೆ ಶಿಕ್ಷೆಯಾಗಿದ್ದು 1977ರಲ್ಲಿ. ಇನ್ನಿಬ್ಬರಿಗೆ 2001 ಮತ್ತು 2002ರಲ್ಲಿ.

1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು, ಕಿಂಗ್‌ಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಮರುವರ್ಷ ಮತದಾನದ ಹಕ್ಕಿನ ಕಾಯ್ದೆಯೂ ಬಂತು. ಅವರು ಅಲ್ಲಿಗೆ ನಿಲ್ಲಲಿಲ್ಲ. 1966ರಲ್ಲಿ ಉತ್ತರದ ಶಿಕಾಗೊ ನಗರಕ್ಕೆ ಹೋಗಿ ಬಡವರ ಕೇರಿಯಲ್ಲಿ ಮನೆ ಹಿಡಿದು, ಮನೆ ಬಾಡಿಗೆಗೆ ಕೊಡುವಲ್ಲಿನ ತಾರತಮ್ಯದ ವಿರುದ್ಧ ಮೆರವಣಿಗೆ ನಡೆಸಿದರು. ಮಾರ್ಕೆಟ್ ಪಾರ್ಕ್ ಎಂಬಲ್ಲಿ ತೂರಿಬಂದ ಕಲ್ಲು ತಲೆಗೆ ಬಡಿದು ಮಂಡಿಯೂರಿದರು. ಅದೇ ಬಡಾವಣೆಗಳಲ್ಲಿ ಅಮೆರಿಕದ ನಾಜಿ ಪಕ್ಷದವರು ಸ್ವಸ್ತಿಕ ಹಿಡಿದು ಬಿಳಿಯ ಹುಡುಗರನ್ನು ಸೆಳೆಯುತ್ತಿದ್ದರು. ದಕ್ಷಿಣದಲ್ಲೂ ಇಂಥ ದ್ವೇಷದ ಗುಂಪನ್ನು ಕಂಡಿರಲಿಲ್ಲ ಎಂದರು ಕಿಂಗ್.

1968ರಲ್ಲಿ ಮೆಂಫಿಸ್ ನಗರದಲ್ಲಿ ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಪೌರಕಾರ್ಮಿಕರು ಸತ್ತರು. ಅವರ ಜೊತೆಯವರು ಮುಷ್ಕರ ಹೂಡಿದರು. ಅವರ ಬೆಂಬಲಕ್ಕೆ ಹೋದ ಕಿಂಗ್ ಅವರನ್ನು ಏಪ್ರಿಲ್ 4ರ ಸಂಜೆ ಲಾಡ್ಜಿನ ಬಾಲ್ಕನಿಯಲ್ಲಿ ನಿಂತಿದ್ದಾಗ ಗುಂಡಿಕ್ಕಿ ಕೊಂದರು. ಆಗ ಅವರಿಗೆ ಬರೀ 39 ವರ್ಷ.

ಓದಿ ಮುಗಿಸಿದ ಮೇಲೆ ರೂಮಿನ ಗೆಳೆಯರ ಜೊತೆ ಈ ವಿಷಯ ಮಾತಾಡಿದೆ. ಒಬ್ಬ ಚನ್ನಪಟ್ಟಣದವನು, ಇನ್ನೊಬ್ಬ ಮಾಗಡಿಯವನು. ಇಬ್ಬರೂ ನಕ್ಕರು. ಅವರವರ ಊರಿಗೂ ಒಬ್ಬೊಬ್ಬ ‘ಅಣ್ಣ’ ಬಂದಿದ್ದನಂತೆ. ಒಂದು ಕಡೆ ಟಿ–ಶರ್ಟ್, ಇನ್ನೊಂದು ಕಡೆ ಬಿರಿಯಾನಿ. ಕೇಸು ಬಿದ್ದರೆ ‘ಅಣ್ಣ’ ಬರುವುದಿಲ್ಲ, ಪೊಲೀಸ್ ವೆರಿಫಿಕೇಷನ್ನಿನಲ್ಲಿ ನಮ್ಮ ಹೆಸರು ಮಾತ್ರ ಇರುತ್ತದೆ ಎಂದ ಮಾಗಡಿಯವನು. ಅದು ನಿಜವೇ. ಆದರೆ ಅದೊಂದೇ ಭಯಕ್ಕೆ ನಾವು ದೂರ ಉಳಿದರೆ ಸಾಲದು ಅನ್ನಿಸಿತು ನನಗೆ.

2022ರ ಹೊಸತೊಡಕಿನ ಬೆಳಿಗ್ಗೆ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಅಪ್ಪ ಪಾತ್ರೆ ಕೈಗಿತ್ತು, ಪ್ರತಿವರ್ಷದ ಅಂಗಡಿಗೇ ಹೋಗು ಎಂದರು. ಸಾಬರ ಅಂಗಡಿ ಮುಂದೆ ಯಾರೂ ಇರುವುದಿಲ್ಲ ಅಂದುಕೊಂಡು ಹೋದೆ. ಉದ್ದ ಸಾಲು ಇತ್ತು. ಸಂದೇಶ ಬಂದ ನಮ್ಮ ಗುಂಪಿನ ಹುಡುಗರೂ ಅಲ್ಲಿದ್ದರು, ಅವರ ಅಪ್ಪಂದಿರೂ ಇದ್ದರು. ಯಾರೂ ಘೋಷಣೆ ಕೂಗಲಿಲ್ಲ, ಭಾಷಣ ಮಾಡಲಿಲ್ಲ. ಮರಿಯದೋ ಟಗರಿನದೋ ಎಂದು ಕೇಳಿ, ಚೌಕಾಶಿ ಮಾಡಿ, ಮಾಂಸ ಕಟ್ಟಿಸಿಕೊಂಡು ಹೋದರು. ಮಾಂಟ್‌ಗೊಮೆರಿಯ ಜನ ದೀಪ ಆರಿಸದೆ ಕೂತಿದ್ದರಲ್ಲ, ಇದೂ ಹಾಗೇ ಎಂದು ಈಗ ಅನ್ನಿಸುತ್ತದೆ.

ಆ ಸಾಲಿನಲ್ಲಿ ನಿಂತೇ ಗುಂಪಿನಿಂದ ಹೊರಬಂದೆ. ಆದರೆ ನಾನು ಕಳಿಸಿದ್ದು ತಪ್ಪು ಎಂದು ಆ ನಾಲ್ಕು ಗುಂಪುಗಳಲ್ಲಿ ಬರೆಯುವ ಧೈರ್ಯ ಅಂದು ಇರಲಿಲ್ಲ. ಸುಮ್ಮನಿದ್ದುಬಿಟ್ಟೆ. ಕಿಂಗ್ ಜೈಲಿನಿಂದ ಬರೆದ ಪತ್ರ ನನಗೂ ಸೇರಿದ್ದು ಎಂದು ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು. ಈ ಬರಹವನ್ನು ಆ ನಾಲ್ಕೂ ಗುಂಪುಗಳಿಗೆ ಕಳಿಸುತ್ತೇನೆ. ಈ ಸಲ ಪೂರ್ತಿ ಓದಿಯೇ ಕಳಿಸುತ್ತಿದ್ದೇನೆ.